ಥಾಮಸ್ ಲಿಂಕನ್‌ನ ಜಮೀನು ಎಲ್ಲಿತ್ತು?

ಎಲ್ಲರಿಗೂ ನಮಸ್ಕಾರ.

ಅಬ್ರಹಾಂ ಲಿಂಕನ್ ಬಗ್ಗೆ ಇವತ್ತು ನಾನು ಜಾಸ್ತಿ ಮಾತಾಡುವುದಿಲ್ಲ. ನನ್ನ ವಿಷಯ ಅವರ ಅಪ್ಪ ಥಾಮಸ್. ಬಡಗಿ ಕೆಲಸ ಗೊತ್ತಿದ್ದ ರೈತ. ಸಹಿ ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ, ಅದೂ ಕಷ್ಟಪಟ್ಟು ಅಂತ ಮಗನೇ ಹೇಳಿದ್ದಾರೆ. ಹಾಗಾಗಿ ಡೈರಿ ಇಲ್ಲ, ಪತ್ರಗಳ ಕಟ್ಟು ಇಲ್ಲ. ಆದರೂ ಅವನು ಯಾವಾಗ ಎಲ್ಲಿದ್ದ, ಎಷ್ಟು ಎಕರೆ ಕೊಂಡ, ಎಷ್ಟು ಕಳಕೊಂಡ ಅನ್ನೋದು ಸಾಕಷ್ಟು ಗೊತ್ತಾಗಿದೆ. ಅದಕ್ಕೆ ಕಾರಣ ಜಮೀನಿನ ಕಾಗದಗಳು. ಅಮೆರಿಕದಲ್ಲಿ ಕಾಡು ಕಡಿದು ನೆಲೆ ನಿಂತ ಕುಟುಂಬಗಳನ್ನು ಹುಡುಕುವವರು ಸಾಮಾನ್ಯವಾಗಿ ಜನಗಣತಿಗೆ ಕೈ ಹಾಕುತ್ತಾರೆ. ಮೊದಲು ಜಮೀನು ನೋಡಿ, ಗಣತಿ ಆಮೇಲೆ ಅನ್ನೋದು ನನ್ನ ವಾದ.

ಕೆಂಟಕಿಯಿಂದ ಶುರು ಮಾಡೋಣ. ಥಾಮಸ್‌ನ ಅಪ್ಪನ ಹೆಸರೂ ಅಬ್ರಹಾಂ ಲಿಂಕನ್ನೇ. ಅವನ ಜಮೀನಿನ ಕಾಗದದಲ್ಲಿ ಹೆಸರು 'ಲಿಂಕ್‌ಹಾರ್ನ್' ಅಂತಲೂ ಇದೆ. ಗುಮಾಸ್ತ ಕಿವಿಗೆ ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಕಾಲ ಅದು. ಹೆಸರಿನ ಕಾಗುಣಿತಕ್ಕೆ ಅಂಟಿಕೊಂಡು ಕೂತರೆ ಈ ಕಾಗದ ನಿಮ್ಮ ಕೈಗೆ ಸಿಗುವುದೇ ಇಲ್ಲ. 1786ರಲ್ಲಿ ಮೂಲನಿವಾಸಿಗಳ ದಾಳಿಯಲ್ಲಿ ಈ ಹಿರಿಯ ಅಬ್ರಹಾಂ ಸತ್ತ. ಆಗ ಕೆಂಟಕಿ ವರ್ಜೀನಿಯಾದ ಭಾಗ. ಅಲ್ಲಿನ ಅಂದಿನ ಕಾನೂನಿನ ಪ್ರಕಾರ ಉಯಿಲು ಇಲ್ಲದಿದ್ದರೆ ಜಮೀನು ಹಿರಿಯ ಮಗನಿಗೆ. ಅಣ್ಣ ಮೊರ್ಡೆಕೈಗೆ ಆಸ್ತಿ ಬಂತು, ಚಿಕ್ಕವನಾದ ಥಾಮಸ್ ಬರಿಗೈಯಲ್ಲಿ ಉಳಿದ.

ಅವನು ದುಡಿದು 1803ರಲ್ಲಿ ಮಿಲ್ ಕ್ರೀಕ್ ಹತ್ತಿರ 238 ಎಕರೆ ಕೊಂಡ. ಮಾರುವಾಗ ಕ್ರಯಪತ್ರದಲ್ಲಿ ಇದ್ದದ್ದು 200 ಎಕರೆ. ಉಳಿದ 38 ಎಕರೆ ಎಲ್ಲಿ ಹೋಯಿತು? ಅಳತೆಯ ಗೊಂದಲದಲ್ಲಿ ಹೋಯಿತು. ಕೆಂಟಕಿಯಲ್ಲಿ ಸರ್ಕಾರ ಮುಂಚೆ ಸರ್ವೆ ಮಾಡಿಸಿರಲಿಲ್ಲ. ಬಂದವರು ತಮಗೆ ಬೇಕಾದ ಜಾಗ ಗುರುತು ಮಾಡಿಕೊಂಡು, ಆಮೇಲೆ ಅಳೆಸುತ್ತಿದ್ದರು. ಚಕ್ಕುಬಂದಿ ಅಂದರೆ ಒಂದು ಓಕ್ ಮರ, ಒಂದು ಹಳ್ಳದ ತಿರುವು, ಪಕ್ಕದವನ ಮೂಲೆ. ಮರ ಬಿದ್ದರೆ ಗಡಿಯೂ ಬಿತ್ತು. ಒಂದೇ ನೆಲದ ಮೇಲೆ ಎರಡು ಮೂರು ಜನರ ಹಕ್ಕುಪತ್ರ ಇರುವುದು ಮಾಮೂಲು.

1808ರ ಕೊನೆಗೆ ಅವನು ಸಿಂಕಿಂಗ್ ಸ್ಪ್ರಿಂಗ್ ಜಮೀನು ಕೊಂಡ. ಮುಂದಿನ ಫೆಬ್ರವರಿಯಲ್ಲಿ ಮಗ ಅಬ್ರಹಾಂ ಹುಟ್ಟಿದ್ದು ಅಲ್ಲೇ. ಆ ಜಮೀನಿನ ಮೇಲೆ ಹಳೇ ಸಾಲದ ಬಾಕಿ ಇತ್ತು. ಕೇಸು ನಡೆದು, ಜಮೀನೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು. ಅಲ್ಲಿಂದ ನಾಬ್ ಕ್ರೀಕ್‌ಗೆ ಬಂದರೆ, ಇಡೀ ಪ್ರದೇಶ ನಮ್ಮದು ಅಂತ ಬೇರೊಂದು ಮನೆತನದ ವಾರಸುದಾರರು ಅವನ ಮೇಲೂ ಅಕ್ಕಪಕ್ಕದ ರೈತರ ಮೇಲೂ ದಾವೆ ಹಾಕಿದರು. ಒಬ್ಬನಿಗೆ ಮೂರು ಜಮೀನು, ಮೂರರಲ್ಲೂ ತಕರಾರು! ಅಪ್ಪ ಕೆಂಟಕಿ ಬಿಟ್ಟದ್ದು ಸ್ವಲ್ಪ ಗುಲಾಮಗಿರಿಯ ಕಾರಣಕ್ಕೆ, ಮುಖ್ಯವಾಗಿ ಜಮೀನಿನ ಹಕ್ಕಿನ ತೊಂದರೆಯಿಂದ ಅಂತ ಲಿಂಕನ್ 1860ರಲ್ಲಿ ಬರೆದರು. ಮಗ ಸುಮ್ನೆ ಅಪ್ಪನ ಪರ ವಹಿಸಿದ್ದಲ್ಲ. ಕೋರ್ಟಿನ ಕಡತಗಳೂ ಅದನ್ನೇ ಹೇಳುತ್ತವೆ.

1816ರಲ್ಲಿ ಕುಟುಂಬ ಇಂಡಿಯಾನಾಗೆ ಬಂತು. ಇಲ್ಲಿ ದಾಖಲೆಯ ಗುಣವೇ ಬೇರೆ. 1785ರ ಕಾಯ್ದೆಯ ಪ್ರಕಾರ ಸರ್ಕಾರವೇ ಮೊದಲು ನೆಲವನ್ನು ಚೌಕ ಚೌಕವಾಗಿ ಅಳೆದಿತ್ತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ಎಕರೆ ನಮ್ಮದೇ ಎಕರೆ, 40 ಗುಂಟೆಯದ್ದು. 1817ರ ಅಕ್ಟೋಬರ್‌ನಲ್ಲಿ ಥಾಮಸ್ ವಿನ್ಸೆನ್ಸ್ ಊರಿನ ಲ್ಯಾಂಡ್ ಆಫೀಸಿನಲ್ಲಿ ಹೆಸರು ಬರೆಸಿದ. 32ನೇ ಸೆಕ್ಷನ್ನಿನ ನೈಋತ್ಯ ಕಾಲುಭಾಗ, 160 ಎಕರೆ. ಎಕರೆಗೆ ಎರಡು ಡಾಲರ್. ಮೊದಲು 16 ಡಾಲರ್, ಡಿಸೆಂಬರ್‌ನಲ್ಲಿ 64 ಡಾಲರ್ ಕಟ್ಟಿದ. ಒಟ್ಟು 80, ಅಂದರೆ ಬೆಲೆಯ ಕಾಲುಭಾಗ. ಉಳಿದದ್ದು ಕಂತು. ಹತ್ತು ವರ್ಷ ಕಳೆದರೂ ಪೂರ್ತಿ ತೀರಲಿಲ್ಲ. 1827ರಲ್ಲಿ ಪೂರ್ವದ ಅರ್ಧ ಬಿಟ್ಟುಕೊಟ್ಟು, ಪಶ್ಚಿಮದ 80 ಎಕರೆ ಉಳಿಸಿಕೊಂಡ. ಅವನು ಸೋಮಾರಿ ಅನ್ನೋ ಮಾತು ಬಹಳ ಕಾಲ ಓಡಾಡಿತು. ಈ ಲೆಕ್ಕ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಒಮ್ಮೆ ಅಲ್ಲ, ಮೂರು ಸಲ ಸುಟ್ಟುಕೊಂಡವನು ಕೈಗೆ ಎಟುಕುವಷ್ಟನ್ನು ಗಟ್ಟಿ ಮಾಡಿಕೊಂಡ, ಅಷ್ಟೇ.

ಇನ್ನೊಂದು ಮಾತು. ಈ ಚೌಕಗಳು ಖಾಲಿ ನೆಲವಾಗಿರಲಿಲ್ಲ. ದಕ್ಷಿಣ ಇಂಡಿಯಾನಾದ ಈ ಭಾಗವನ್ನು ಅಮೆರಿಕ ಸರ್ಕಾರ ಡೆಲಾವೇರ್ ಮತ್ತು ಪಿಯಾಂಕೆಶಾ ಜನರಿಂದ 1804ರ ಒಪ್ಪಂದಗಳಲ್ಲಿ ಪಡೆದಿತ್ತು. ತೆರಿಗೆ ಕಟ್ಟದ ಮೂಲನಿವಾಸಿಗಳನ್ನು ಗಣತಿಗೂ ಸೇರಿಸುತ್ತಿರಲಿಲ್ಲ. 'ಮೊದಲು ಬಂದವರು' ಅನ್ನುವಾಗ ಯಾರಿಗಿಂತ ಮೊದಲು ಅಂತ ಕೇಳಬೇಕಲ್ವಾ?

ಈಗ ಗಣತಿ. 1790ರಿಂದ 1840ರವರೆಗಿನ ಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ. ಉಳಿದವರು ವಯಸ್ಸಿನ ಕಾಲಮ್ಮುಗಳಲ್ಲಿ ಬರೀ ಅಂಕಿ. 1820ರಲ್ಲಿ ಥಾಮಸ್ ಮನೆಯಲ್ಲಿ ಹನ್ನೊಂದು ವರ್ಷದ ಅಬ್ರಹಾಂ 10ರಿಂದ 16ರ ಕಾಲಮ್ಮಿಗೆ ಸೇರಬೇಕು. ಆದರೆ ಹೆಂಡತಿ ನ್ಯಾನ್ಸಿ 1818ರಲ್ಲಿ ತೀರಿಹೋಗಿ, ಮರುವರ್ಷ ಥಾಮಸ್ ಮೂರು ಮಕ್ಕಳಿದ್ದ ವಿಧವೆ ಸಾರಾಳನ್ನು ಮದುವೆಯಾಗಿದ್ದ. ನ್ಯಾನ್ಸಿ ಕಡೆಯ ಹುಡುಗ ಡೆನಿಸ್ ಹ್ಯಾಂಕ್ಸ್ ಕೂಡ ಆ ಮನೆಗೆ ಬಂದು ಸೇರಿಕೊಂಡಿದ್ದ. ಗಣತಿ ಒಂದನ್ನೇ ನಂಬಿದವರು ಎಲ್ಲರನ್ನೂ ಥಾಮಸ್‌ನ ಮಕ್ಕಳು ಅಂತ ವಂಶವೃಕ್ಷಕ್ಕೆ ಸೇರಿಸಿಬಿಡುತ್ತಾರೆ. 1820ರ ನಮೂನೆಯಲ್ಲಿ ಇನ್ನೊಂದು ಗುಂಡಿ ಇದೆ. ಗಂಡಸರಿಗೆ 16ರಿಂದ 18 ಅಂತ ಒಂದು ಕಾಲಮ್ಮು, ಪಕ್ಕದಲ್ಲೇ 16ರಿಂದ 26 ಅಂತ ಮತ್ತೊಂದು. ಹದಿನೇಳರ ಹುಡುಗ ಎರಡರಲ್ಲೂ ಬರುತ್ತಾನೆ. ಕೂಡಿದರೆ ಮನೆಯಲ್ಲಿ ಇಲ್ಲದ ಒಬ್ಬ ಮಗ ಹುಟ್ಟಿಕೊಳ್ಳುತ್ತಾನೆ.

ಗುಲಾಮರಲ್ಲದ ಪ್ರತಿಯೊಬ್ಬರ ಹೆಸರೂ ಸಿಗುವುದು 1850ರಿಂದ. ಆ ವರ್ಷ ಸಾವಿನ ಪಟ್ಟಿಯನ್ನೂ ಬೇರೆಯಾಗಿ ಮಾಡಿದರು, ಜೂನ್ 1ಕ್ಕೆ ಮುಂಚಿನ ಒಂದು ವರ್ಷದ್ದು. ಅಬ್ರಹಾಂ ಲಿಂಕನ್‌ರ ಪುಟ್ಟ ಮಗ ಎಡ್ವರ್ಡ್ ಆ ಫೆಬ್ರವರಿಯಲ್ಲಿ ತೀರಿಕೊಂಡ. ಅವನನ್ನು ಮನೆಯ ಪಟ್ಟಿಯಲ್ಲಿ ಹುಡುಕಬಾರದು, ಈ ಪಟ್ಟಿಯಲ್ಲಿ ಹುಡುಕಬೇಕು. ಬಹಳ ಜನ ಇದನ್ನು ತೆರೆದೇ ನೋಡುವುದಿಲ್ಲ.

ನೀವು ಯಾವುದಾದರೂ ಕುಟುಂಬ ಹುಡುಕಲು ಹೊರಟರೆ, ಮೊದಲು ಸೆಕ್ಷನ್, ಟೌನ್‌ಶಿಪ್, ರೇಂಜ್ (ಟೌನ್‌ಶಿಪ್ ಪೂರ್ವ-ಪಶ್ಚಿಮವಾಗಿ ಎಷ್ಟನೇ ಸಾಲಿನಲ್ಲಿದೆ ಅನ್ನೋ ಸಂಖ್ಯೆ) ಬರೆದಿಟ್ಟುಕೊಳ್ಳಿ. ಸರ್ಕಾರ ಕೊಟ್ಟ ಹಕ್ಕುಪತ್ರಗಳ ಪ್ರತಿಗಳನ್ನು ಅಲ್ಲಿನ ಭೂ ಇಲಾಖೆ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪಕ್ಕದ ಚೌಕಗಳು ಯಾರ ಹೆಸರಿನಲ್ಲಿವೆ ಅಂತಲೂ ನೋಡಿ. ಮದುವೆ, ಸಾಲ, ಸಾಕ್ಷಿ ಸಹಿ ಎಲ್ಲ ಅವರ ನಡುವೆಯೇ ನಡೆದಿರುತ್ತದೆ. 1890ರ ಗಣತಿ ಮಾತ್ರ ಕೇಳಬೇಡಿ. 1921ರ ಬೆಂಕಿಯಲ್ಲಿ ಹಾಳಾಗಿ ಅದರಲ್ಲಿ ಉಳಿದದ್ದು ತೀರಾ ಕಡಿಮೆ. ಆ ಗ್ಯಾಪ್ ತುಂಬಲು ಮತ್ತೆ ಜಮೀನಿನ ಕಾಗದಕ್ಕೇ ಬರಬೇಕು.

ಪ್ರಶ್ನೆಗಳಿದ್ದರೆ ಕೇಳಿ.