ಮಿಕ್ಸರ್ ಬಿಲ್ಲಿನ 720 ರೂಪಾಯಿ ಎಲ್ಲಿ ಹೋಯ್ತು?

ನಮಸ್ಕಾರ. ನನ್ನ ಕೈಯಲ್ಲಿರುವ ಈ ಬಿಲ್ ನೋಡಿ. ಹೋದ ವಾರ ಕಾರವಾರ ಪೇಟೆಯಲ್ಲಿ ಅಮ್ಮನಿಗೆ ಮಿಕ್ಸರ್ ತಗೊಂಡೆ. ಬೆಲೆ 4,000 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 720. ಕೆಳಗೆ ಎರಡು ಸಾಲು ಇವೆ. ಸಿಜಿಎಸ್‌ಟಿ 360, ಅದು ಕೇಂದ್ರಕ್ಕೆ. ಎಸ್‌ಜಿಎಸ್‌ಟಿ 360, ಅದು ರಾಜ್ಯಕ್ಕೆ. ಮೂರನೇ ಸಾಲು ಇಲ್ಲ. ಈ ಬಿಲ್ಲಿನಲ್ಲಿ ಕಾರವಾರ ಅನ್ನುವ ಹೆಸರು ಇರುವುದು ಅಂಗಡಿಯ ವಿಳಾಸದಲ್ಲಿ ಮಾತ್ರ.

ಮರುದಿನ ಬೆಳಿಗ್ಗೆ ಕಸದ ಗಾಡಿ ಬಂತು. ಮಳೆ ಜೋರಾಗಿ ಹೊಯ್ಯುತ್ತಿತ್ತು. ಮಿಕ್ಸರಿನ ರಟ್ಟಿನ ಡಬ್ಬಿ, ಥರ್ಮೋಕೋಲ್ ಎರಡನ್ನೂ ಕೊಟ್ಟೆ. ಪೌರಕಾರ್ಮಿಕ ಅಕ್ಕ ಥರ್ಮೋಕೋಲನ್ನು ಮೊಣಕಾಲಿಗೆ ಒತ್ತಿ ಮುರಿದು, ಒಣಕಸದ ಚೀಲಕ್ಕೆ ತುರುಕಿದರು. ಅವರ ರೇನ್‌ಕೋಟಿನ ಒಂದು ತೋಳು ಹರಿದಿತ್ತು. ಆ ಅಂಗಡಿ ಮುಂದಿನ ಗಟಾರದ ಹೂಳು ತೆಗೆಯುವುದು, ಬೀದಿದೀಪ ಉರಿಸುವುದು, ಕಸ ಸಾಗಿಸುವುದು, ಎಲ್ಲ ನಗರಸಭೆಯ ಕೆಲಸ ಅಲ್ವಾ? ನಾನು ಕಟ್ಟಿದ 720ರಲ್ಲಿ ಒಂದು ರೂಪಾಯಿಯೂ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ.

ಮೊದಲು ಹೀಗಿರಲಿಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ, ಆಕ್ಟ್ರಾಯ್ ನಾಕೆ ನೆನಪಿದ್ದೀತು. ಊರೊಳಗೆ ಬರುವ ಸರಕಿಗೆ ಸುಂಕ, ಆ ದುಡ್ಡು ಪುರಸಭೆಗೆ. ಲಾರಿಗಳು ಗಂಟೆಗಟ್ಟಲೆ ನಿಲ್ಲಬೇಕಿತ್ತು, ಹಾಗಾಗಿ 1979ರಲ್ಲಿ ಅದನ್ನು ತೆಗೆದಿದ್ದು ಸರಿಯೇ. ಅದರ ಬದಲಿಗೆ ಪ್ರವೇಶ ತೆರಿಗೆ ಬಂತು, ರಾಜ್ಯವೇ ವಸೂಲಿ ಮಾಡಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದೂ ಅದರೊಳಗೆ ಸೇರಿಹೋಯಿತು.

ಈಗ ನಗರಸಭೆಯ ಸ್ವಂತ ದುಡ್ಡು ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಬಿಲ್, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ. ಉಳಿದದ್ದಕ್ಕೆ ಅನುದಾನದ ದಾರಿ ಕಾಯಬೇಕು. ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ಇಂತಿಂಥದ್ದಕ್ಕೇ ಖರ್ಚು ಮಾಡಿ ಅಂತ ಕಟ್ಟಿಹಾಕಿದ್ದು. ಊರುಗಳಿಗೆ ಎಷ್ಟು ಕೊಡಬೇಕು ಅಂತ ರಾಜ್ಯದ ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ, ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ. ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ 18 ಕೆಲಸಗಳ ಪಟ್ಟಿಯನ್ನೇ ಕೊಟ್ಟಿದೆ. ಅದಕ್ಕೆ ತಕ್ಕ ದುಡ್ಡಿನ ದಾರಿ ಮಾತ್ರ ಗಟ್ಟಿಯಾಗಿಲ್ಲ.

ಕಾರವಾರದವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನ ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ, ಗೋವಾದ ಪೋಳೆಂನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಾರೆ. ಗೋವಾದಲ್ಲಿ ಅಗ್ಗ. ನಮ್ಮ ರಾಜ್ಯ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 29.84ಕ್ಕೆ ಏರಿಸಿತು. ಅಲ್ಲಿ ಹಾಕಿಸುವವರನ್ನು ನಾನು ಬೈಯುವುದಿಲ್ಲ, ಉಳಿತಾಯ ಯಾರಿಗೆ ಬೇಡ? ಆ ತೆರಿಗೆ ಗೋವಾಕ್ಕೆ ಹೋಗುತ್ತದೆ, ಬೈಕ್ ಓಡುವುದು ಕಾರವಾರದ ಬೀದಿಯಲ್ಲಿ. ಆದರೆ ಇಲ್ಲೇ ಹಾಕಿಸಿದ್ದರೂ ನಮ್ಮ ಬೀದಿಯ ಹೊಂಡ ಮುಚ್ಚಲು ಅದರಲ್ಲಿ ಗೊತ್ತಾದ ಪಾಲು ಅಂತ ಬರುತ್ತಿರಲಿಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಇದಕ್ಕೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆಯ ಮೂಲ ದರ ಶೇಕಡಾ 7.25. ಆ 7.25ರಲ್ಲಿ 1, ಮಾರಾಟ ನಡೆದ ಊರಿಗೋ ಕೌಂಟಿಗೋ (ನಮ್ಮ ಜಿಲ್ಲೆ ಇದ್ದಂತೆ) ಕಾನೂನಿನಂತೆಯೇ ಸೇರುತ್ತದೆ. ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಅದನ್ನು ಹಾಗೇ ಇಲ್ಲಿಗೆ ತರಬೇಕು ಅಂತಲ್ಲ. ಮಾರಾಟ ನಡೆದ ಕಡೆಗೇ ದುಡ್ಡು ಅಂದರೆ ಬೆಂಗಳೂರು ಎಲ್ಲ ಬಾಚಿಕೊಳ್ಳುತ್ತದೆ. ಅಡಿಕೆ ವ್ಯಾಪಾರ ಇರುವ ಶಿರಸಿ ಬದುಕಿಕೊಂಡೀತು, ಸಣ್ಣ ಊರುಗಳ ಗತಿ ಏನು?

ಅದಕ್ಕೇ ನಾನು ಕೇಳುವುದು ಇಷ್ಟು. ರಾಜ್ಯಕ್ಕೆ ಬರುವ ಎಸ್‌ಜಿಎಸ್‌ಟಿಯಲ್ಲಿ ಇಂತಿಷ್ಟು ಪಾಲು ಊರುಗಳಿಗೆ ಅಂತ ಕಾನೂನಿನಲ್ಲಿ ಬರೆಯಿರಿ. ಜನಸಂಖ್ಯೆ ನೋಡಿ ಹಂಚಿ. ಪ್ರತಿ ತಿಂಗಳು ಖಾತೆಗೆ ಬರಲಿ. ಯಾರ ಸರ್ಕಾರ, ಯಾರ ಶಾಸಕರು ಅನ್ನುವುದರ ಮೇಲೆ ಗಟಾರದ ಹೂಳು ತೆಗೆಯುವ ಕೆಲಸ ಅವಲಂಬಿಸಿರಬಾರದು.

ನಗರಸಭೆಯ ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತಾರೆ. ಈ ಸಲ ಕರೆದಾಗ ಈ ಬಿಲ್ ಹಿಡಿದುಕೊಂಡು ಹೋಗುತ್ತೇನೆ. ನೀವೂ ನಿಮ್ಮ ಬಿಲ್ ತನ್ನಿ. ಕಾನೂನು ಬದಲಿಸುವುದು ವಿಧಾನಸಭೆ, ಹಾಗಾಗಿ ಬಿಲ್ಲಿನ ಒಂದು ಪ್ರತಿ ಶಾಸಕರ ಕೈಗೂ ಕೊಡೋಣ.