ರಿವರ್ಬ್ ಪೆಡಲನ್ನು ಪಕ್ಕಕ್ಕಿಡಿ

ನಮಸ್ಕಾರ. ನನ್ನ ಕೈಯಲ್ಲಿರುವುದು ಯುಕುಲೇಲೆ, ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ. ಆಟಿಕೆಯಂತೆ ಕಾಣುತ್ತದೆ, ಒಪ್ಪುತ್ತೇನೆ. ಇದರಲ್ಲಿ ಅರವತ್ತರ ದಶಕದ ಸರ್ಫ್ ರಾಕ್, ಅಂದರೆ ಅಲೆಯ ಮೇಲೆ ಹಲಗೆ ಹತ್ತಿ ಆಡುವವರ ಕಡಲತೀರದ ಎಲೆಕ್ಟ್ರಿಕ್ ಗಿಟಾರ್ ಸಂಗೀತ, ನುಡಿಸುತ್ತೇನೆ ಎಂದಾಗಲೆಲ್ಲ ಎದುರಿಗಿದ್ದವರು ಮೊದಲು ನಗುತ್ತಾರೆ, ಆಡಿನ ಮೇಲೆ ಅಂಬಾರಿ ಕಟ್ಟಲು ಹೊರಟವನನ್ನು ಕಂಡ ಹಾಗೆ. ಆಮೇಲೆ ಸಲಹೆ ಕೊಡುತ್ತಾರೆ: ತಂತಿಯ ಸದ್ದನ್ನು ವಿದ್ಯುತ್ತಿಗೆ ತಿರುಗಿಸುವ ಒಂದು ಪಿಕಪ್ ಹಾಕಿಸಿ, ನಾದಕ್ಕೆ ಅನುರಣನ ಸೇರಿಸುವ ರಿವರ್ಬ್ ಪೆಡಲ್ ಕೊಳ್ಳಿ, ಆಗ ಸರಿಹೋಗುತ್ತದೆ. ನಗುವಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಸಲಹೆಯ ಬಗ್ಗೆ.

ಮೊದಲು ಒಂದು ಕಥೆ. 1960ರಲ್ಲಿ ಇಂಗ್ಲೆಂಡಿನ ಶ್ಯಾಡೋಸ್ ತಂಡ ಊರೂರು ತಿರುಗಿ ಕಾರ್ಯಕ್ರಮ ಕೊಡುತ್ತಿತ್ತು. ಅದೇ ಪ್ರವಾಸದಲ್ಲಿ ಹಾಡುತ್ತಿದ್ದ ಜೆರ್ರಿ ಲಾರ್ಡನ್ ತಾನು ಕಟ್ಟಿದ ಒಂದು ಧಾಟಿಯನ್ನು ಅವರಿಗೆ ಕೇಳಿಸಿದರು. ಕೇಳಿಸಿದ್ದು ಯುಕುಲೇಲೆಯಲ್ಲಿ! ಆ ಧಾಟಿಯೇ ‘ಅಪಾಚೆ’. ಅದೇ ವರ್ಷ ಅದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ತಂಡದ ಗಿಟಾರು ವಾದಕ ಹ್ಯಾಂಕ್ ಮಾರ್ವಿನ್ ಅವರ ಕೆಂಪು ಸ್ಟ್ರಾಟೊಕಾಸ್ಟರ್ ಗಿಟಾರು, ಆ ಪ್ರತಿಧ್ವನಿಯ ಯಂತ್ರ, ಎಲ್ಲವೂ ಆ ಧಾಟಿಗೆ ಸೇರಿದ್ದು ಆಮೇಲೆ. ಅವರು ಧಾಟಿಗೆ ಮರುಳಾದಾಗ ಎದುರಿಗೆ ಇದ್ದದ್ದು ಬರೀ ನಾಲ್ಕು ತಂತಿ. ಹಾಗಾಗಿ ‘ಅಪಾಚೆ’ಯನ್ನು ಯುಕುಲೇಲೆಯಲ್ಲಿ ನುಡಿಸುವವನು ಅದನ್ನು ಕುಗ್ಗಿಸುತ್ತಿಲ್ಲ, ತವರಿಗೆ ಕರೆತರುತ್ತಿದ್ದಾನೆ.

(ಮೊದಲ ನಾಲ್ಕು ಸಾಲು ನುಡಿಸುವುದು. ಆತುರ ಬೇಡ.)

ಇನ್ನು ಕ್ಯಾಲಿಫೋರ್ನಿಯಾಕ್ಕೆ ಬರೋಣ. ಸರ್ಫ್ ಗಿಟಾರಿನ ದೊರೆ ಎಂದು ಹೆಸರಾದ ಡಿಕ್ ಡೇಲ್ ಗಿಟಾರಿಗೆ ಮೊದಲು ಕಲಿತ ತಂತಿವಾದ್ಯ ಯಾವುದು ಬಲ್ಲಿರಾ? ಯುಕುಲೇಲೆಯೇ. ಅವರ ತಂದೆಯ ಕಡೆಯವರು ಲೆಬನಾನಿನಿಂದ ಬಂದವರು, ಮನೆಯಲ್ಲಿ ಊದ್ ಎಂಬ ಅರಬ್ ತಂತಿವಾದ್ಯದ ನಾದ ಕೇಳುತ್ತಿತ್ತು. 1962ರಲ್ಲಿ ಅವರು ಧ್ವನಿಮುದ್ರಿಸಿದ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಧಾಟಿ. ಅದರಲ್ಲಿ ತಂತಿ ಮೀಟುವ ಪಿಕ್ ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಒಂದೇ ಸ್ವರವನ್ನು ಮಳೆಹನಿಯಂತೆ ಬಡಿಯುತ್ತದೆ. ಇದು ಶೋಕಿಗೆ ಹುಟ್ಟಿದ ಕೈಚಳಕವಲ್ಲ. ಊದ್‌ನಲ್ಲಿ ಮೀಟಿದ ಸ್ವರ ಬೇಗ ಆರಿಹೋಗುತ್ತದೆ. ಅದನ್ನು ಉಳಿಸಬೇಕೆಂದರೆ ಮತ್ತೆ ಮತ್ತೆ ಮೀಟಬೇಕು. ಮ್ಯಾಂಡೊಲಿನ್ ನುಡಿಸುವವರದೂ ಇದೇ ಪಾಡು. ಮಹಾ ಆಂಪ್ಲಿಫೈಯರ್ ಇಟ್ಟುಕೊಂಡಿದ್ದ ಡೇಲ್ ಅವರಿಗೆ ನಿಜಕ್ಕೂ ಈ ಶ್ರಮದ ಅಗತ್ಯವಿರಲಿಲ್ಲ. ನಮಗೆ ಇದೆ. ನೈಲಾನ್ ತಂತಿ, ಅಂಗೈ ಅಗಲದ ಡಬ್ಬಿ: ಸ್ವರ ಹುಟ್ಟುತ್ತಲೇ ಸಾಯುತ್ತದೆ. ಯುಕುಲೇಲೆಯ ಮೇಲೆ ಆ ಬಡಿತ ಅಲಂಕಾರವಲ್ಲ, ಉಸಿರು.

ಈಗ ನನಗೆ ತುಂಬ ಇಷ್ಟವಾದ ವಿಷಯ. ನಿಮ್ಮ ಯುಕುಲೇಲೆಯ ಕೊನೆಯ ತಂತಿಯನ್ನು, ಎ ತಂತಿಯನ್ನು, ಬರಿದಾಗಿ ಮೀಟಿ. ಆಮೇಲೆ, ಕೊರಳ ಮೇಲಿನ ಅಡ್ಡಪಟ್ಟಿಗಳನ್ನು ಎಣಿಸಿ, 1, 4, 5, 7, 8, 11, 12ನೇ ಫ್ರೆಟ್‌ಗಳು. ಸರಳೆವರಸೆ ಹಾಡಿದ ಮಕ್ಕಳು ಇಷ್ಟರಲ್ಲಿ ತಲೆಯೆತ್ತಿರಬೇಕು. ಹೌದು, ಮಾಯಾಮಾಳವಗೌಳದ ಸ್ವರಗಳು. ಮೊದಲ ಪಾಠಕ್ಕೆ ಪುರಂದರದಾಸರು ಗೊತ್ತುಮಾಡಿಕೊಟ್ಟರೆಂದು ನಾವು ನಂಬಿಕೊಂಡು ಬಂದ ಅದೇ ಹದಿನೈದನೆಯ ಮೇಳ. ‘ಮಿಸಿರ್ಲೂ’ ಮೊದಲ ಸಾಲು ಏರುವುದು ಇವೇ ಸ್ವರಗಳ ಮೇಲೆ, ಸ ರಿ ಗ ಎಂದು. ವಿದ್ವಾಂಸರು ಸಿಟ್ಟಾಗುವ ಮೊದಲೇ ಹೇಳಿಬಿಡುತ್ತೇನೆ: ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ, ಡೇಲ್ ಅವರಲ್ಲಿ ಗಮಕವನ್ನು ಹುಡುಕಬೇಡಿ. ಆದರೂ ಬೆಳಗಿನ ಜಾವ ಕಣ್ಣು ತಿಕ್ಕಿಕೊಂಡು ಮೂರು ಕಾಲದಲ್ಲಿ ವರಸೆ ಒಪ್ಪಿಸಿದವರ ಬೆರಳಿಗೆ ಈ ದಾರಿ ಗೊತ್ತು. ಅಷ್ಟೂ ಸ್ವರಗಳು ಒಂದೇ ತಂತಿಯ ಹನ್ನೆರಡು ಫ್ರೆಟ್‌ಗಳಲ್ಲಿ ಸಿಗುತ್ತವೆ, ಅತಿ ಸಣ್ಣ ಸೊಪ್ರಾನೊ ಯುಕುಲೇಲೆಗೂ ಅಷ್ಟು ಫ್ರೆಟ್ ಇರುತ್ತವೆ.

ರಿವರ್ಬ್ ಇಲ್ಲದೆ ಸರ್ಫ್ ಎಲ್ಲಿಯದು ಎನ್ನುವವರಿಗೆ ಒಂದು ಮಾತು. ಆ ಒದ್ದೆ ಒದ್ದೆ ನಾದ ಸಮುದ್ರದ್ದಲ್ಲ, ಪೆಟ್ಟಿಗೆಯೊಳಗೆ ಅಲುಗುವ ಸ್ಪ್ರಿಂಗಿನದು. ಫೆಂಡರ್ ಕಂಪನಿ ಆ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದದ್ದು 1961ರಲ್ಲಿ. ವೆಂಚರ್ಸ್ ತಂಡದ ‘ವಾಕ್, ಡೋಂಟ್ ರನ್’ ಅದಕ್ಕೂ ಹಿಂದಿನ ವರ್ಷವೇ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತ್ತು. ಆ ಧಾಟಿಯ ಪಯಣವೂ ನೋಡುವಂಥದ್ದು. 1954ರಲ್ಲಿ ಜಾನಿ ಸ್ಮಿತ್ ಅದನ್ನು ನಾಜೂಕಾದ ಜಾಝ್ ಆಗಿ ಕಟ್ಟಿದರು. ಗಿಟಾರು ವಾದಕ ಚೆಟ್ ಅಟ್ಕಿನ್ಸ್ ತಮ್ಮ ಬೆರಳುಗಳಿಗೆ ಒಗ್ಗಿಸಿಕೊಂಡರು. ವೆಂಚರ್ಸ್‌ನ ಬಾಬ್ ಬೋಗಲ್ ಮತ್ತು ಡಾನ್ ವಿಲ್ಸನ್, ಕಟ್ಟಡದ ಕೆಲಸ ಮಾಡುತ್ತಿದ್ದವರು, ಅದನ್ನು ಇನ್ನಷ್ಟು ಸರಳ ಮಾಡಿದರು. ಪ್ರತಿ ಕೈ ಬದಲಾದಾಗಲೂ ಒಂದಿಷ್ಟು ಒಡವೆ ಕಳಚಿದೆ, ಧಾಟಿಗೆ ಏನೂ ಆಗಿಲ್ಲ. ಯುಕುಲೇಲೆ ಇನ್ನೆರಡು ಒಡವೆ ಕಳಚಿದರೆ ಮುಳುಗುವುದೇನು?

‘ವಾಕ್, ಡೋಂಟ್ ರನ್’ನಲ್ಲಿ ಇಳಿಯುತ್ತಾ ಹೋಗುವ, ಹಲವು ತಂತಿ ಒಟ್ಟಿಗೆ ಮೀಟುವ ಕಾರ್ಡ್‌ಗಳು ಎ ಮೈನರ್, ಜಿ, ಎಫ್, ಇ. ಮೊದಲನೆಯದಕ್ಕೆ ಒಂದೇ ಬೆರಳು ಸಾಕು. ಕೊನೆಯ ಇ ಮಾತ್ರ ಯುಕುಲೇಲೆ ಹಿಡಿದವರಿಗೆಲ್ಲ ಶನಿಕಾಟ. ಇ ಸೆವೆನ್ ಹಾಕಿ, ಯಾರೂ ಪೊಲೀಸರನ್ನು ಕರೆಯುವುದಿಲ್ಲ.

ಎಲ್ಲವೂ ಒಗ್ಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ‘ವೈಪ್ ಔಟ್’ ಎಂಬ ಸರ್ಫ್ ಧಾಟಿಯ ಡ್ರಮ್ ಭಾಗವನ್ನು ಡಬ್ಬಿಯ ಮೇಲೆ ಬೆರಳಲ್ಲಿ ಬಡಿಯಲು ಹೋದೆ. ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎಂದು ಮನೆಯವರು ಎದ್ದು ಹೋಗಿ ಚಿಲಕ ತೆಗೆದರು. ಯುಕುಲೇಲೆ ಬಳಗಗಳ ಮುದ್ದಿನ ಕೂಸಾದ 1959ರ ‘ಸ್ಲೀಪ್ ವಾಕ್’ ಕೂಡ ನನಗೆ ಒಪ್ಪಿತವಲ್ಲ. ಕಾರ್ಡ್‌ಗಳು ಸುಲಭ, ನಿಜ. ಆದರೆ ಅದರ ಜೀವವಿರುವುದು, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಸ್ಟೀಲ್ ಗಿಟಾರಿನ ಆ ಉದ್ದನೆಯ ಜಾರಿನಲ್ಲಿ. ನಮ್ಮ ತಂತಿಯಲ್ಲಿ ಜಾರಲು ಹೊರಟರೆ ಅರ್ಧ ದಾರಿಯಲ್ಲೇ ಸದ್ದು ನಿಂತಿರುತ್ತದೆ. ಸ್ಟೀಲ್ ಗಿಟಾರೂ ಹವಾಯಿಯದೇ, ಅಕ್ಕತಂಗಿಯರಿದ್ದ ಹಾಗೆ, ಆದರೂ ಒಬ್ಬಳ ರವಿಕೆ ಇನ್ನೊಬ್ಬಳಿಗೆ ಆಗುವುದಿಲ್ಲ.

ಹವಾಯಿ ಎಂದಾಗ ನೆನಪಾಯಿತು. 1879ರಲ್ಲಿ ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದವರನ್ನು ಹೊತ್ತು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹೊನೊಲುಲು ತಲುಪಿತು. ಅದರಲ್ಲಿದ್ದ ಬಡಗಿಗಳು ತಮ್ಮೂರಿನ ಪುಟ್ಟ ವಾದ್ಯವನ್ನು ಅಲ್ಲಿನ ಮರದಲ್ಲಿ ಮಾಡತೊಡಗಿದರು. ಯುಕುಲೇಲೆ ಹುಟ್ಟಿದ್ದು ಹಾಗೆ. ಅಲೆಯ ಮೇಲೆ ಹಲಗೆ ಇಟ್ಟು ನಿಲ್ಲುವ ಆಟವೂ ಆ ದ್ವೀಪಗಳದ್ದೇ. ಎರಡೂ ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ದಾಟಿದವು. ಎಲೆಕ್ಟ್ರಿಕ್ ಗಿಟಾರು ಆ ಕಡಲತೀರಕ್ಕೆ ಬರುವ ಹೊತ್ತಿಗೆ ಯುಕುಲೇಲೆ ಅಲ್ಲಿ ಹಳೆಯ ಬಿಡಾರದ ಗಿರಾಕಿ. 1962ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ಹುಡುಗರು ತಮ್ಮ ಹೊಸ ಧಾಟಿಗೆ ‘ಪೈಪ್‌ಲೈನ್’ ಎಂದು ಹೆಸರಿಟ್ಟಾಗ ಅದೂ ಹವಾಯಿಯ ಒವಾಹು ದ್ವೀಪದ ಒಂದು ಅಲೆಯ ಹೆಸರೇ. ಹಾಗಿರುವಾಗ ಈ ಸಂಗೀತದಲ್ಲಿ ಯುಕುಲೇಲೆಯನ್ನು ಕರೆಯದೆ ಬಂದ ನೆಂಟನಂತೆ ನೋಡುವುದು ಯಾವ ನ್ಯಾಯ?

ಸಾಕು ಮಾತು. ಪೆಡಲ್ ಇಲ್ಲ, ಪಿಕಪ್ ಇಲ್ಲ, ‘ಮಿಸಿರ್ಲೂ’ ಪೂರ್ತಿ ನುಡಿಸುತ್ತೇನೆ. ನಡುವಿನಲ್ಲಿ ಮಣಿಕಟ್ಟು ಸೋತು ಬಡಿತ ನಿಧಾನವಾದರೆ ಅದನ್ನು ಕತ್ತರಿಸಿ ತೆಗೆಯುವುದಿಲ್ಲ. ತಡೆಯಿರಿ, ಎ ತಂತಿ ಇಳಿದಿದೆ.

(ಶ್ರುತಿ ಮಾಡಿಕೊಂಡು ನುಡಿಸುವುದು.)