ಹದಿನೈದು ಸಾವಿರದ ಮೆಷಿನ್ನು ಹದಿನೈದು ನೂರಕ್ಕೆ

ಕೇಳುಗರಿಗೆ ನಮಸ್ಕಾರ.

ಆರಿದ್ರೆ ಮಳೆ ಹಿಡಿದ ಹೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆ ಹಿಂದಿನ ಧರೆಯ ಮೇಲೆ ಮಾತ್ರ. ಪಕ್ಕದ ಮನೆಯ ಹುಡುಗ ಅಲ್ಲಿಂದಲೇ ಕೂಗುತ್ತ ಇಳಿದು ಬಂದ. ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಮೊಬೈಲು.

"ಮಾವ, ಕಳೆ ಹೊಡೆಯೋ ಮೆಷಿನ್ನು 1,490 ರೂಪಾಯಿ! ಎರಡು ಬುಕ್ ಮಾಡ್ದೆ."

ಅದರ ಬೆಲೆ 14,900 ಅಂತ ಅವನಿಗೆ ಗೊತ್ತು. ವಾರದ ಹಿಂದೆ ನನಗೆ ತೋರಿಸಿದವನೂ ಅವನೇ. ಎರಡು ಯಾಕೋ ಅಂದೆ. "ಒಂದು ತೋಟಕ್ಕೆ, ಒಂದು ಮಾರ್ತೀನಿ" ಅಂದ. ದುಡ್ಡು ಯುಪಿಐನಲ್ಲಿ ಕಟ್ಟಿಯಾಗಿತ್ತು, ಆರ್ಡರ್ ಖಚಿತವಾಗಿದೆ ಎಂಬ ಮೆಸೇಜೂ ಬಂದಿತ್ತು. ಮೂರನೇ ದಿನ ಇನ್ನೊಂದು ಮೆಸೇಜು: ಬೆಲೆ ತಪ್ಪಾಗಿ ನಮೂದಾಗಿತ್ತು, ಆರ್ಡರ್ ರದ್ದಾಗಿದೆ, ಹಣ ವಾಪಸ್ ಬರುತ್ತದೆ.

"ಕೊಡ್ಲೇಬೇಕಲ್ದಾ ಮಾವ? ನೀವು ವಕೀಲರು, ಒಂದು ನೋಟಿಸ್ ಬಿಡಿ."

ನಾನು ತಕ್ಷಣ ನೋಟಿಸ್ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎನ್ನುವುದನ್ನೇ ಇವತ್ತು ನಿಮಗೆ ಹೇಳಬೇಕು.

ಅಡಿಕೆ ಮಂಡಿಯಿಂದ ಶುರು ಮಾಡೋಣ. ಪೇಪರಿನಲ್ಲಿ ರಾಶಿ ಇಡಿ ಎಂಬ ಬಗೆಯ ಅಡಿಕೆಯ ಧಾರಣೆ ಒಂದು ಸೊನ್ನೆ ಹೆಚ್ಚಾಗಿ ಅಚ್ಚಾಯಿತು ಎನ್ನಿ. ನೀವು ಚೀಲ ಹೇರಿಕೊಂಡು ಶಿವಮೊಗ್ಗಕ್ಕೆ ಹೋಗಿ, ಇದೇ ರೇಟಿಗೆ ತಗೊಳ್ಳಿ ಎಂದರೆ ಮಂಡಿಯವರು ಕಾಫಿ ಕುಡಿಸಿ ಕಳಿಸುತ್ತಾರೆ. ಬೆಲೆ ಕೂಗುವುದು ಬೇರೆ, ವ್ಯಾಪಾರ ಕುದುರುವುದು ಬೇರೆ. ನಮ್ಮ ಸುಪ್ರೀಂ ಕೋರ್ಟು 1951ರಲ್ಲೇ ಹೀಗೊಂದು ತೀರ್ಪು ಕೊಟ್ಟಿದೆ, ಅದೂ ನಮ್ಮ ಮಡಿಕೇರಿಯ ಒಂದು ಬಂಗಲೆಯ ವಿಚಾರದಲ್ಲಿ. ಕೊಳ್ಳುವವರು ಮೊದಲು 6,000 ರೂಪಾಯಿಗೆ ಕೇಳಿದರು. 10,000ಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ಮಾಲೀಕರಿಂದ ತಂತಿ ಬಂತು. ಸರಿ, ಅಷ್ಟಕ್ಕೇ ಆಗಲಿ ಎಂದರು ಇವರು. ಆದರೂ ಕರಾರು ಆಗಲಿಲ್ಲ ಎಂದಿತು ಕೋರ್ಟು. ಇಷ್ಟಕ್ಕಿಂತ ಕಡಿಮೆಗೆ ಕೊಡೆನೆಂದರೆ ಇಷ್ಟಕ್ಕೆ ಕೊಟ್ಟೇ ಕೊಡುತ್ತೇನೆ ಎಂದು ಮಾತು ಕೊಟ್ಟ ಹಾಗಲ್ಲವಂತೆ.

ಮೊಬೈಲ್ ಪರದೆಯ ಮೇಲಿನ ಬೆಲೆಯೂ ಹೆಚ್ಚುಕಡಿಮೆ ಇಂಥದ್ದೇ. ಆದರೆ ಅಲ್ಲಿ ಕಥೆ ಬೆಲೆಗೇ ಮುಗಿಯುವುದಿಲ್ಲ. ದುಡ್ಡು ಇಸಕೊಂಡಿದ್ದಾರೆ, ಖಚಿತ ಎಂದು ಬರೆದು ಕಳಿಸಿದ್ದಾರೆ. ಸರಕು ಕಳಿಸಿದ ಮೇಲಷ್ಟೇ ಕರಾರು ಎಂದು ಅನೇಕ ಕಂಪನಿಗಳು ತಮ್ಮ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿರುತ್ತವೆ. ಇನ್ನೊಂದು ಕಡೆ, 1872ರ ಕರಾರು ಕಾಯಿದೆಯ 22ನೇ ಕಲಂ ಒಬ್ಬನೇ ತಪ್ಪು ತಿಳಿದುಕೊಂಡ ಎಂಬ ಒಂದೇ ಕಾರಣಕ್ಕೆ ಕರಾರನ್ನು ಮುರಿಯಲು ಬಾರದು ಎನ್ನುತ್ತದೆ. ಇದು ಕೊಂಡವನ ಕಡೆಗಿರುವ ಮಾತು. ಹಾಗಾದರೆ ಗೆದ್ದೆವಲ್ಲ ಎನ್ನಬೇಡಿ.

ಸಿಂಗಪುರದಲ್ಲಿ ಒಂದು ಕೇಸು ನಡೆಯಿತು. 3,854 ಡಾಲರಿನ ಲೇಸರ್ ಪ್ರಿಂಟರು ಯಾರದೋ ಕೈತಪ್ಪಿನಿಂದ 66 ಡಾಲರ್ ಎಂದು ಅಂತರ್ಜಾಲದ ಅಂಗಡಿಯಲ್ಲಿ ಬಿತ್ತು. ಆರು ಜನ ಸ್ನೇಹಿತರು ರಾತ್ರೋರಾತ್ರಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿ 1,606 ಪ್ರಿಂಟರು ಬುಕ್ ಮಾಡಿದರು. ಕಂಪನಿ ಕೊಡಲಿಲ್ಲ, ಇವರು ಕೋರ್ಟಿಗೆ ಹೋದರು, 2004ರಲ್ಲಿ ಸೋತರು, ಮೇಲ್ಮನವಿಯಲ್ಲೂ ಸೋತರು. ಇದು ತಪ್ಪು ಬೆಲೆ ಎಂದು ಗೊತ್ತಿದ್ದೇ ಬಾಚಿಕೊಳ್ಳಲು ಹೋದಿರಿ ಎಂದಿತು ನ್ಯಾಯಾಲಯ. ಬೇರೆ ದೇಶದ ತೀರ್ಪು, ನಮ್ಮವರನ್ನು ಕಟ್ಟಿಹಾಕುವುದಿಲ್ಲ. ಆದರೆ ಈ ಕಥೆ ಹೇಳುವಾಗ ನಮ್ಮ ಹುಡುಗ ಮೊಬೈಲು ಜೇಬಿಗಿಳಿಸಿದ.

ನಮ್ಮಲ್ಲೇ ಇದಕ್ಕೆ ತಿರುಗುಮುರುಗಾದದ್ದೂ ಇದೆ. 2014ರಲ್ಲಿ ಒಡಿಶಾದ ಒಬ್ಬ ಕಾನೂನು ವಿದ್ಯಾರ್ಥಿಗೆ 23,499 ರೂಪಾಯಿಯ ಲ್ಯಾಪ್‌ಟಾಪು 190 ರೂಪಾಯಿಗೆ ಕಂಡಿತು. ಬುಕ್ ಮಾಡಿದ, ಖಚಿತವಾಯಿತು. ಎರಡು ಗಂಟೆಯ ನಂತರ ಬೆಲೆಯಲ್ಲಿ ಎಡವಟ್ಟಾಗಿದೆ ಎಂದು ರದ್ದು ಮಾಡಿದರು. ಹುಡುಗ ಬಿಡಲಿಲ್ಲ. 2021ರ ಜನವರಿಯಲ್ಲಿ ಅಲ್ಲಿನ ರಾಜ್ಯ ಗ್ರಾಹಕರ ಆಯೋಗ ಅವನಿಗೆ ಒಟ್ಟು 45,000 ರೂಪಾಯಿ ಕೊಡಿಸಿತು: ಮಾನಸಿಕ ಕಿರಿಕಿರಿಗೆ 30,000, ದಂಡರೂಪದಲ್ಲಿ 10,000, ಖರ್ಚಿಗೆ 5,000. ಗಮನಿಸಿ, 190 ರೂಪಾಯಿಯ ಲ್ಯಾಪ್‌ಟಾಪು ಬರಲಿಲ್ಲ, ಬಂದದ್ದು ಪರಿಹಾರ. ಅದಕ್ಕೂ ಆರು ವರ್ಷ ಹಿಡಿಯಿತು. ನನಗೆ ಆ ಹುಡುಗನ ಛಲದ ಮೇಲೆ ಗೌರವವಿದೆ. ಆದರೆ ನಮ್ಮ ತೋಟದಲ್ಲಿ ಆರು ವರ್ಷ ಕಳೆ ಕಾಯುವುದಿಲ್ಲವಲ್ಲ!

ನಮ್ಮ ಹುಡುಗನಿಗೆ ಇನ್ನೊಂದು ತೊಡಕಿತ್ತು, ಅದನ್ನು ಅವನೇ ಬಾಯ್ಬಿಟ್ಟಿದ್ದ. ಮರುಮಾರಾಟಕ್ಕೆ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗ್ರಾಹಕ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೇ ಮೆಷಿನ್ನಿನ ಆಸೆ ಮೊದಲನೆಯದರ ಕೇಸಿಗೂ ಕಲ್ಲು ಹಾಕುವಂತಿತ್ತು.

ಹಾಗಂತ ಕಂಪನಿಯವರನ್ನು ಸುಮ್ಮನೆ ಬಿಡಬೇಕಿಲ್ಲ. ಕೈತಪ್ಪಿನಿಂದ ಬಿದ್ದ ಬೆಲೆ ಒಂದು, ಗಾಳಕ್ಕೆ ಸಿಕ್ಕಿಸಿದ ಬೆಲೆ ಇನ್ನೊಂದು. ಮಾರುವ ಮನಸ್ಸಿಲ್ಲದೆ ಕಡಿಮೆ ಬೆಲೆ ತೋರಿಸಿ ಜನರನ್ನು ಎಳೆದು, ಬುಕ್ ಮಾಡಿದ ಮೇಲೆ ರದ್ದು ಮಾಡಿ, ಬೇರೆ ದುಬಾರಿ ಮಾಲು ತೋರಿಸುವುದಿದೆಯಲ್ಲ, ಅದು ತಪ್ಪೆಂದು 2022ರ ಜೂನ್‌ನಲ್ಲಿ ಬಂದ ಜಾಹೀರಾತು ಮಾರ್ಗಸೂಚಿಗಳೂ, 2023ರ ನವೆಂಬರ್ 30ರ ಇನ್ನೊಂದು ಮಾರ್ಗಸೂಚಿಯೂ ಹೇಳಿವೆ. ಎರಡನೆಯದರಲ್ಲಿ ಇಂಥ 13 ಕಪಟಗಳ ಪಟ್ಟಿಯೇ ಇದೆ. ಮೊದಲು ಒಂದು ಬೆಲೆ ಹೇಳಿ ಹಣ ಕಟ್ಟುವ ಹೊತ್ತಿಗೆ ಅದು ಇದು ಸೇರಿಸಿ ಏರಿಸುವುದು, ನೀವು ಕೇಳದ ವಿಮೆಯನ್ನು ಬುಟ್ಟಿಗೆ ತುರುಕುವುದು, ಎರಡೇ ಉಳಿದಿವೆ ಎಂದು ಸುಳ್ಳೇ ಅವಸರ ಮಾಡುವುದು, ಎಲ್ಲ ಅದರಲ್ಲಿವೆ. ನನ್ನ ಅಂದಾಜಿನಲ್ಲಿ, ರದ್ದಾದ ಮಾಲು ಮುಂದಿನ ವಾರ ಅದೇ ಕಡಿಮೆ ಬೆಲೆಗೆ ಮತ್ತೆ ಕಂಡರೆ ಅದು ಕೈತಪ್ಪಲ್ಲ.

2020ರ ಇ-ಕಾಮರ್ಸ್ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ನೀವು ಆರ್ಡರ್ ರದ್ದು ಮಾಡಿದರೆ ಶುಲ್ಕ ಹಾಕುವ ಕಂಪನಿ, ತಾನಾಗಿಯೇ ರದ್ದು ಮಾಡಿದಾಗಲೂ ಅಂಥದ್ದೇ ಶುಲ್ಕ ಹೊರಬೇಕು. ಇದನ್ನು ಎತ್ತಿ ಕೇಳುವವರು ಕಡಿಮೆ. ಜೊತೆಗೆ ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಮುಟ್ಟಿತು ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಅಲ್ಲಿ ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 1986ರ ಹಳೆಯ ಕಾಯಿದೆಯಲ್ಲಿ ಎದುರುಪಾರ್ಟಿ ಇರುವ ಊರನ್ನೋ ವ್ಯಾಜ್ಯ ಹುಟ್ಟಿದ ಊರನ್ನೋ ಹುಡುಕಿಕೊಂಡು ಹೋಗಬೇಕಿತ್ತು. ಈಗ 2019ರ ಕಾಯಿದೆಯ 34ನೇ ಕಲಂ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಹೊಸನಗರದವರಾಗಲಿ ಸೊರಬದವರಾಗಲಿ ಶಿವಮೊಗ್ಗಕ್ಕೆ ಬಂದರಾಯಿತು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆಮೇಲೆ ನನ್ನಂಥವರ ಹತ್ತಿರ ಬಂದು, ಬೆಲೆ ನಾನೇ ಕಣ್ಣಾರೆ ನೋಡಿದ್ದೆ ಸಾರ್ ಎಂದರೆ ಪ್ರಯೋಜನವಿಲ್ಲ. ದಿನಾಂಕ, ಮಾರುವವನ ಹೆಸರು ಎಲ್ಲ ಕಾಣುವಂತೆ ಆ ಪುಟದ ಸ್ಕ್ರೀನ್‌ಶಾಟ್ ಬೇಕು. ರದ್ದಾದ ಮೇಲೆ ಪುಟ ಬದಲಾಗಿರುತ್ತದೆ.

ನಮ್ಮ ಹುಡುಗ ಅದೊಂದನ್ನು ಮಾಡಿದ್ದ. ಮೆಷಿನ್ನು ಕೇಳಬೇಡ, ದುಡ್ಡು ಕೇಳು ಅಂದೆ. ಯಾಕೆಂದರೆ ಎರಡು ವಾರವಾದರೂ 2,980 ರೂಪಾಯಿ ಅವನ ಖಾತೆಗೆ ಬಂದಿರಲಿಲ್ಲ. ಧರೆ ಹತ್ತಿ ಕುಂದುಕೊರತೆ ಅಧಿಕಾರಿಗೆ ಬರೆದ. ಉತ್ತರವಿಲ್ಲ. 1915ಕ್ಕೆ ದೂರು ಕೊಟ್ಟ. ಆರನೇ ದಿನ ಹಣ ಬಂತು, ಕ್ಷಮೆ ಕೇಳಿ 500 ರೂಪಾಯಿಯ ಕೂಪನ್ನೂ ಬಂತು. 15,000 ರೂಪಾಯಿಗೆ ಮೇಲ್ಪಟ್ಟ ಖರೀದಿಗೆ ಮಾತ್ರ ಆ ಕೂಪನ್ನು. ಮೆಷಿನ್ನಿನ ಬೆಲೆ ಈಗ ಮತ್ತೆ 14,900.

ಕೊನೆಗೆ ಪೇಟೆಯ ಅಂಗಡಿಯಲ್ಲೇ ತಂದ, ಒಂದೇ. ಚೌಕಾಸಿ ಮಾಡಿ 14,500ಕ್ಕೆ ಇಳಿಸಿದನಂತೆ. ಬಿಲ್ಲು ಎಲ್ಲೋ ಅಂದೆ. ತಲೆ ಕೆರೆದುಕೊಳ್ಳುತ್ತ, ಮಳೆಯಲ್ಲೇ ಬೈಕು ತಿರುಗಿಸಿದ.

ನಮಸ್ಕಾರ.